ಆಸನದ ಸಂಕೋಚ, ಮನದ ಸಂಕೋಚ



ಹಿಂದೆ ಬಾಣಂತನಕ್ಕೆಂದು ಮಗಳು ತವರಿಗೆ ಬರುತ್ತಿದ್ದಳು. ಈಗ ತವರೇ ಗಂಟುಮೂಟೆ ಕಟ್ಟಿಕೊಂಡು ಮಗಳಿದ್ದಲ್ಲಿಗೆ ಹೋಗುವ ಕಾಲ ಬಂದಿದೆ. ಹಾವೇರಿ, ಗದಗ, ದಾವಣಗೆರೆ, ತುಮಕೂರು ಎನ್ನದೆ ನಮ್ಮ ಊರುಗಳ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕ, ಕೆನಡಾ, ಇಂಗ್ಲೆಂಡ್, ಆಸ್ಟ್ರೇಲಿಯಗಳಲ್ಲಿ ನೆಲೆಸಿದ್ದಾರೆ. ಮೊಮ್ಮಗುವಿನ ಮುಖ ನೋಡುವ ಹಂಬಲದಿಂದ ಅರವತ್ತು ದಾಟಿದ ತಂದೆತಾಯಿಗಳು ಸಮುದ್ರದಾಚೆಗೆ ಪಯಣಿಸುವುದು ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಹೊರಡುವ ಮುನ್ನ ಮನೆಯಲ್ಲಿ ನಡೆಯುವ ಸಿದ್ಧತೆಯನ್ನು ಗಮನಿಸಿರಿ. ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ, ಅಂಟಿನುಂಡೆಗಳನ್ನು ತುಂಬಿದ ಪೆಟ್ಟಿಗೆಯನ್ನು ಮೂರು ಬಾರಿ ತೂಗಿ ನೋಡುತ್ತಾರೆ. ವೀಸಾ, ವಿಮೆ, ಔಷಧದ ಚೀಟಿಗಳನ್ನು ಒಂದೆಡೆ ಜೋಡಿಸಿಡುತ್ತಾರೆ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಬಹುತೇಕ ಯಾರೂ ಕೇಳುವುದಿಲ್ಲ: ಈ ದೇಹವು ಹದಿನೈದು ಹದಿನಾರು ತಾಸು ಕುಳಿತಿರಬೇಕಾದ ಆಸನದ ಅಗಲವೆಷ್ಟು?

ಈ ಸಲದ ಅಂಕಣದಲ್ಲಿ ಆ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿದ್ದೇವೆ. ಸಂಕೋಚ ಎಂಬ ಶಬ್ದಕ್ಕೆ ನಮ್ಮಲ್ಲಿ ಎರಡು ಅರ್ಥಗಳುಂಟು. ಒಂದು, ಕುಗ್ಗುವುದು, ಇಕ್ಕಟ್ಟಾಗುವುದು. ಇನ್ನೊಂದು, ಬೇರೆಯವರಿಗೆ ತೊಂದರೆಯಾದೀತೆಂದು ಮನಸ್ಸು ಹಿಂಜರಿಯುವುದು. ದೂರಪ್ರಯಾಣದ ವಿಮಾನದ ಎಕಾನಮಿ ದರ್ಜೆಯಲ್ಲಿ ಇವೆರಡೂ ಕೂಡಿಯೇ ಇರುತ್ತವೆ. ಮೊದಲನೆಯದು ವಿಮಾನ ಕಂಪನಿ ಮಾಡಿಟ್ಟಿದ್ದು. ಎರಡನೆಯದು ನಾವು ಮನೆಯಿಂದ ಕಟ್ಟಿಕೊಂಡು ಹೋದದ್ದು. ಮೊದಲನೆಯದನ್ನು ತಿಳಿದು ಆರಿಸಬೇಕು, ಎರಡನೆಯದನ್ನು ಬಿಡಬೇಕು ಎಂಬುದೇ ಇಲ್ಲಿ ನಾವು ಅರಿಕೆ ಮಾಡಬಯಸುವ ಮಾತು.

ಮೊಳದ ಲೆಕ್ಕ

ನಮ್ಮ ಹಿರಿಯರ ಅಳತೆಯಲ್ಲಿ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಉದ್ದವೇ ಒಂದು ಮೊಳ. ೨ ಗೇಣು ಸೇರಿದರೆ ಮೊಳ. ೨೪ ಬೆರಳಗಲ ಸೇರಿದರೆ ಮೊಳ. ಇಂಚಿನ ಲೆಕ್ಕದಲ್ಲಿ ಅದು ೧೮ ಇಂಚು. ಎಕಾನಮಿ ಆಸನದ ಅಗಲವನ್ನು ಕುರಿತು ಜಗತ್ತಿನಲ್ಲಿ ನಡೆದಿರುವ ವಾದವೆಲ್ಲ ಈ ಒಂದು ಮೊಳದ ಸುತ್ತಲೇ ಇದೆ. ಎರಡು ಕೈಯಾಸರೆಗಳ ನಡುವಣ ಜಾಗ ಕೆಲವು ವಿಮಾನಗಳಲ್ಲಿ ೧೮ ಇಂಚು. ಇನ್ನು ಅನೇಕ ವಿಮಾನಗಳಲ್ಲಿ ೧೭ ಇಂಚು, ಇಲ್ಲವೆ ಅದಕ್ಕೆ ತುಸು ಮೇಲೆ. ಅಂದರೆ ಮೊಳಕ್ಕೆ ಒಂದು ಬೆರಳಷ್ಟು ಕಡಿಮೆ.

ಒಂದು ಬೆರಳಿಗೆ ಇಷ್ಟು ಚರ್ಚೆಯೇ ಎಂದು ಕೇಳಬಹುದು. ಸಂತೆಯಲ್ಲಿ ಹೂ ಕೊಳ್ಳುವ ನಮ್ಮ ತಾಯಂದಿರನ್ನೇ ನೋಡಿರಿ. ಮಾರುವವಳ ಮೊಳ ಒಂದು ಬೆರಳು ಕುಗ್ಗಿದರೂ ಅವರ ಕಣ್ಣಿಗೆ ಬೀಳುತ್ತದೆ, ಕೇಳಿಯೇ ಕೇಳುತ್ತಾರೆ. ಹತ್ತಿಪ್ಪತ್ತು ರೂಪಾಯಿಯ ಹೂವಿನಲ್ಲಿ ಕಾಣುವ ಬೆರಳು, ಲಕ್ಷ ರೂಪಾಯಿ ಮುಟ್ಟಬಲ್ಲ ಟಿಕೇಟಿನಲ್ಲಿ ಏಕೆ ಕಾಣುವುದಿಲ್ಲ? ಮೇಲಾಗಿ ಬೆಳೆದ ಮನುಷ್ಯನ ಭುಜ ಅವನ ಸೊಂಟಕ್ಕಿಂತ ಅಗಲ. ಮೂವರು ಒಂದೇ ಸಾಲಿನಲ್ಲಿ ಕುಳಿತಾಗ ಪ್ರತಿಯೊಬ್ಬರ ಒಂದೊಂದು ಬೆರಳೂ ಹೋಗಿ, ಭುಜಕ್ಕೆ ಭುಜ ತಾಗಿ, ನಡುವಿನವನು ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡೇ ರಾತ್ರಿ ಕಳೆಯಬೇಕಾಗುತ್ತದೆ.

ಅಗಲದಂತೆ ಉದ್ದದ ಲೆಕ್ಕವೂ ಒಂದಿದೆ. ಮುಂದಿನ ಆಸನದ ಒಂದು ಬಿಂದುವಿನಿಂದ ನಮ್ಮ ಆಸನದ ಅದೇ ಬಿಂದುವಿನವರೆಗಿನ ಅಂತರಕ್ಕೆ ‘ಪಿಚ್’ ಎಂದು ಹೆಸರು. ದೂರಪ್ರಯಾಣದಲ್ಲಿ ಇದು ಸಾಮಾನ್ಯವಾಗಿ ೩೧ ಇಲ್ಲವೆ ೩೨ ಇಂಚು. ಇದಿಷ್ಟೂ ಮೊಣಕಾಲಿಗೆ ಸಿಗುವ ಜಾಗವೆಂದು ಭಾವಿಸಬಾರದು. ಆಸನದ ಬೆನ್ನಿನ ದಪ್ಪವೂ ಅದರಲ್ಲೇ ಸೇರಿದೆ. ಈಚೆಗೆ ಬೆನ್ನುಗಳನ್ನು ತೆಳುವಾಗಿಸಿ ಅದೇ ಅಂತರದಲ್ಲಿ ಮೊಣಕಾಲಿಗೆ ತುಸು ಹೆಚ್ಚು ಜಾಗ ದೊರೆಯುವಂತೆ ಮಾಡಿದ್ದಾರೆ. ಆದರೆ ಮೊಣಕಾಲಿಗೆ ಉಳಿದದ್ದು ಕೆಲವೊಮ್ಮೆ ಬೆನ್ನಿನ ಮೆತ್ತೆಯಿಂದ ಕಳೆದುಹೋಗಿರುತ್ತದೆ.

ಇಲ್ಲಿ ಮುಖ್ಯವಾಗಿ ತಿಳಿಯತಕ್ಕ ಸಂಗತಿಯೆಂದರೆ, ವಿಮಾನದ ಒಡಲು ಕುಗ್ಗಿಲ್ಲ. ಬೋಯಿಂಗ್ ೭೭೭ ವಿಮಾನ ೧೯೯೫ರಲ್ಲಿ ಸೇವೆಗೆ ಬಂದಿತು. ಅದರ ಒಳ ಅಗಲ ೨೩೧ ಇಂಚು. ೧೩ ಮೊಳಕ್ಕೆ ಸ್ವಲ್ಪ ಕಡಿಮೆ. ಮೊದಲ ವರ್ಷಗಳಲ್ಲಿ ಬಹುತೇಕ ಕಂಪನಿಗಳು ಆ ಅಗಲದಲ್ಲಿ ಸಾಲಿಗೆ ೯ ಆಸನಗಳನ್ನು ಹಾಕಿದ್ದವು. ಆಮೇಲೆ ಒಂದರ ಹಿಂದೊಂದು ಕಂಪನಿ ಅದೇ ಅಗಲದಲ್ಲಿ ೧೦ ಆಸನಗಳನ್ನು ಕೂಡಿಸಿತು. ೨೦೧೧ರಲ್ಲಿ ಸೇವೆಗೆ ಬಂದ ಬೋಯಿಂಗ್ ೭೮೭ರ ಕಥೆಯೂ ಇದೇ. ಸಾಲಿಗೆ ೮ ಆಸನಗಳು ಆರಾಮವಾಗಿ ಹಿಡಿಯುವ ಒಡಲಲ್ಲಿ ಹೆಚ್ಚಿನ ಕಂಪನಿಗಳು ೯ ಆಸನಗಳನ್ನು ಇಟ್ಟವು. ಜಪಾನ್ ಏರ್‌ಲೈನ್ಸ್ ತನ್ನ ಅಂತರರಾಷ್ಟ್ರೀಯ ೭೮೭ ವಿಮಾನಗಳಲ್ಲಿ ೮ರ ಸಾಲನ್ನೇ ಇರಿಸಿಕೊಂಡಿತು. ಒಂದೇ ವಿಮಾನ, ಒಂದೇ ಒಡಲು. ಒಬ್ಬರು ೮ ಮಂದಿಯನ್ನು ಕೂಡಿಸುತ್ತಾರೆ, ಇನ್ನೊಬ್ಬರು ೯ ಮಂದಿಯನ್ನು. ಆದ್ದರಿಂದ ಈ ಇಕ್ಕಟ್ಟು ಯಂತ್ರದ ಗುಣವಲ್ಲ, ಮನುಷ್ಯನ ನಿರ್ಣಯ. ಮನುಷ್ಯನ ನಿರ್ಣಯವಾದದ್ದರಿಂದಲೇ ಅದನ್ನು ಪ್ರಶ್ನಿಸಬಹುದು, ಆರಿಸಬಹುದು, ತಿರಸ್ಕರಿಸಲೂಬಹುದು.

೨೦೧೩ರಲ್ಲಿ ಏರ್‌ಬಸ್ ಕಂಪನಿಯು ದೂರಪ್ರಯಾಣದ ಎಕಾನಮಿ ಆಸನಕ್ಕೆ ೧೮ ಇಂಚನ್ನು ಕನಿಷ್ಠ ಅಳತೆಯನ್ನಾಗಿ ಒಪ್ಪಬೇಕೆಂದು ಕರೆಕೊಟ್ಟಿತು. ಲಂಡನ್ನಿನ ನಿದ್ರಾ ಕೇಂದ್ರವೊಂದರಲ್ಲಿ ತಾನು ಮಾಡಿಸಿದ ಪರೀಕ್ಷೆಯಲ್ಲಿ, ೧೭ ಇಂಚಿನ ಆಸನಕ್ಕಿಂತ ೧೮ ಇಂಚಿನ ಆಸನದಲ್ಲಿ ನಿದ್ರೆಯ ಗುಣಮಟ್ಟ ಶೇಕಡಾ ೫೩ರಷ್ಟು ಉತ್ತಮವಾಗಿತ್ತೆಂದೂ ಸಾರಿತು. ಹೀಗೆ ಹೇಳಿದವರು ೧೮ ಇಂಚಿನ ಆಸನಕ್ಕೆ ಹೊಂದುವ ವಿಮಾನಗಳನ್ನು ಮಾರುವವರು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಈ ಅಂಕಿಯನ್ನು ತೂಗಬೇಕು. ಅದೇ ಏರ್‌ಬಸ್ಸಿನ ಎ-೩೫೦ ವಿಮಾನದಲ್ಲೂ ೯ರ ಬದಲು ೧೦ ಆಸನ ಹಾಕಿದ ಕಂಪನಿಗಳಿವೆ. ಆದರೂ ಒಂದು ಬೆರಳಗಲಕ್ಕೆ ನಿದ್ರೆಯೊಡನೆ ಸಂಬಂಧವಿದೆ ಎಂಬುದನ್ನು ಒಪ್ಪಲು, ಒಂದು ರಾತ್ರಿ ಆ ಸಾಲಿನ ನಡುವೆ ಕುಳಿತವರಿಗೆ ಪರೀಕ್ಷೆಯ ಫಲಿತಾಂಶ ಬೇಕಾಗಿಲ್ಲ.

ಅಗ್ಗದ ಟಿಕೇಟಿನ ಹಿಂದೆ

ಹಾಗೆಂದು ಕಂಪನಿಗಳನ್ನು ಬರಿದೆ ನಿಂದಿಸುವುದು ನ್ಯಾಯವಲ್ಲ. ೧೯೪೮ರ ಜೂನ್ ೮ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್ಲಿನ ಮೊದಲ ವಿಮಾನ ಮುಂಬಯಿಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹೊರಟಾಗ ಅದರಲ್ಲಿದ್ದ ಪ್ರಯಾಣಿಕರು ೩೫ ಮಂದಿ. ಆಗ ಆಕಾಶಯಾನವೆಂದರೆ ರಾಜಮಹಾರಾಜರ, ದೊಡ್ಡ ವ್ಯಾಪಾರಿಗಳ, ಸರ್ಕಾರದ ಹಿರಿಯ ಅಧಿಕಾರಿಗಳ ಸೊತ್ತು. ೧೯೫೨ರಲ್ಲಿ ಅಟ್ಲಾಂಟಿಕ್ ಮಾರ್ಗದಲ್ಲಿ ಕಡಿಮೆ ದರದ ಪ್ರವಾಸಿ ದರ್ಜೆಯೂ, ೧೯೫೮ರಲ್ಲಿ ಅದಕ್ಕಿಂತ ಅಗ್ಗವಾದ ಎಕಾನಮಿ ದರ್ಜೆಯೂ ಬಂದವು. ೧೯೭೮ರಲ್ಲಿ ಅಮೆರಿಕ ತನ್ನ ಒಳನಾಡಿನ ವಿಮಾನದರಗಳ ಮೇಲಿನ ಸರ್ಕಾರದ ಹಿಡಿತವನ್ನು ಸಡಿಲಿಸಿತು. ಪೈಪೋಟಿ ಬೆಳೆದು ದರಗಳು ಇಳಿದವು. ೨೦೨೧ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಚಾಲಕರ ತಂಡವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಧ್ರುವದ ಹಾದಿಯಾಗಿ ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ವಿಮಾನ ತಂದಿಳಿಸಿದಾಗ, ಸುಮಾರು ೧೪,೦೦೦ ಕಿಲೋಮೀಟರಿನ ಹಾದಿ ೧೭ ತಾಸಿನಷ್ಟಕ್ಕೆ ಬಂದು ನಿಂತಿತು.

ಸಾಲಿಗೆ ೯ ಇದ್ದದ್ದು ೧೦ ಆದರೆ, ಹೆಚ್ಚುಕಡಿಮೆ ಅದೇ ಇಂಧನದಲ್ಲಿ ೯ ಮಂದಿಗೆ ಒಬ್ಬರಂತೆ ಹೆಚ್ಚು ಜನ ಹೋಗುತ್ತಾರೆ. ತಲೆಗೆ ಬೀಳುವ ವೆಚ್ಚವೂ ಕಡಿಮೆ, ಹೊಗೆಯೂ ಕಡಿಮೆ. ನಿವೃತ್ತಿ ವೇತನದಲ್ಲಿ ಬಾಳುವ ಪ್ರಾಥಮಿಕ ಶಾಲೆಯ ಗುರುಗಳೊಬ್ಬರು ಇಂದು ಮೊಮ್ಮಗನನ್ನು ಎತ್ತಿಕೊಳ್ಳಲು ಟೆಕ್ಸಾಸಿಗೆ ಹೋಗಬಲ್ಲರೆಂದರೆ ಅದರಲ್ಲಿ ಈ ಇಕ್ಕಟ್ಟಿನ ಪಾಲೂ ಇದೆ ಎಂಬುದನ್ನು ಒಪ್ಪಬೇಕು.

ಆದರೆ ಇಕ್ಕಟ್ಟಿನಲ್ಲೂ ಎರಡು ಬಗೆಯುಂಟು. ನಮ್ಮ ಸರ್ಕಾರಿ ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ಬಂದು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದಾಗ ನಾವು ಸರಿದು ಕೂಡುತ್ತೇವೆ. ನಿಂತವರ ಕಾಲುನೋವು ನಮ್ಮ ಕಣ್ಣೆದುರಿಗೇ ಇರುತ್ತದೆ. ಮುಂದಿನ ಊರಿನಲ್ಲಿ ಯಾರೋ ಇಳಿದು ಜಾಗವಾಗುತ್ತದೆ. ಅದು ಕರುಣೆಯ ಇಕ್ಕಟ್ಟು. ವಿಮಾನದ ಇಕ್ಕಟ್ಟು ಲೆಕ್ಕಪುಸ್ತಕದ್ದು. ಅಲ್ಲಿ ಯಾರೂ ನಿಂತಿರುವುದಿಲ್ಲ, ನಡುದಾರಿಯಲ್ಲಿ ಯಾರೂ ಇಳಿಯುವುದೂ ಇಲ್ಲ. ಅದನ್ನು ಔದಾರ್ಯದಿಂದಲ್ಲ, ಲೆಕ್ಕದಿಂದಲೇ ಎದುರಿಸಬೇಕು.

ನ್ಯಾಯಾಲಯದವರೆಗೆ

ಈ ಲೆಕ್ಕ ಅಮೆರಿಕದಲ್ಲಿ ನ್ಯಾಯಾಲಯದ ಕಟ್ಟೆಯನ್ನೂ ಹತ್ತಿತು. ಪ್ರಯಾಣಿಕರ ಪರವಾಗಿ ಹೋರಾಡುವ ಫ್ಲೈಯರ್ಸ್ ರೈಟ್ಸ್ ಎಂಬ ಸಂಸ್ಥೆಯು ಆಸನಗಳಿಗೆ ಕನಿಷ್ಠ ಅಳತೆಯನ್ನು ಗೊತ್ತುಪಡಿಸಬೇಕೆಂದು ಅಲ್ಲಿಯ ವಿಮಾನಯಾನ ಆಡಳಿತವನ್ನು ಕೇಳಿ, ನಿರಾಕರಣೆ ಬಂದಾಗ ಮೇಲ್ಮನವಿ ನ್ಯಾಯಾಲಯಕ್ಕೆ ಹೋಯಿತು. ೨೦೧೭ರ ಜುಲೈಯಲ್ಲಿ ನ್ಯಾಯಾಲಯವು, ಆಡಳಿತ ಮುಂದಿಟ್ಟ ಕಾರಣಗಳು ಸಾಲವೆಂದು, ಮರುಪರಿಶೀಲನೆಗೆ ಸೂಚಿಸಿತು. ೨೦೧೮ರಲ್ಲಿ ಅಲ್ಲಿಯ ಸಂಸತ್ತು ಕಾಯ್ದೆ ಮಾಡಿ, ಒಂದು ವರ್ಷದೊಳಗೆ ಪ್ರಯಾಣಿಕರ ಸುರಕ್ಷತೆಗೆ ಬೇಕಾದ ಕನಿಷ್ಠ ಅಳತೆಗಳನ್ನು ಗೊತ್ತುಪಡಿಸಬೇಕೆಂದಿತು. ಆ ಗಡುವು ೨೦೧೯ರಲ್ಲಿ ಅಳತೆ ಗೊತ್ತಾಗದೆಯೇ ದಾಟಿಹೋಯಿತು. ೨೦೨೨ರಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ೨೬,೦೦೦ಕ್ಕೂ ಹೆಚ್ಚು ಮಂದಿ ಬರೆದರು. ೨೦೨೩ರಲ್ಲಿ ಅದೇ ನ್ಯಾಯಾಲಯ, ಆಡಳಿತದ ಮೇಲೆ ಒತ್ತಾಯ ಹೇರಲು ಬೇಕಾದಷ್ಟು ನಿರ್ವಿವಾದ ಆಧಾರವಿಲ್ಲವೆಂದು ಅರ್ಜಿಯನ್ನು ತಳ್ಳಿಹಾಕಿತು.

ಈ ವ್ಯಾಜ್ಯದಲ್ಲಿ ನಮ್ಮ ಮನೆಗಳಿಗೆ ನೇರವಾಗಿ ತಟ್ಟುವ ಒಂದು ಅಂಶವಿದೆ. ಅಪಘಾತದ ವೇಳೆ ಅರ್ಧ ಬಾಗಿಲುಗಳಿಂದಲೇ ಎಲ್ಲರೂ ೯೦ ಸೆಕೆಂಡಿನೊಳಗೆ ಹೊರಬರಬೇಕೆಂಬುದು ವಿಮಾನಗಳಿಗಿರುವ ನಿಯಮ. ಆಸನದ ಇಕ್ಕಟ್ಟು ಇದಕ್ಕೆ ಅಡ್ಡಿಯಾಗುತ್ತದೆಯೇ ಎಂದು ನೋಡಲು ೨೦೧೯-೨೦ರಲ್ಲಿ ಓಕ್ಲಹೋಮ ನಗರದಲ್ಲಿ ೭೭೫ ಮಂದಿಯನ್ನು ಕೂಡಿಸಿ ಪರೀಕ್ಷಿಸಿದರು. ಪರೀಕ್ಷಿಸಿದ ಅಳತೆಗಳಿಂದ ಅಡ್ಡಿಯಿಲ್ಲವೆಂಬ ವರದಿ ೨೦೨೧ರಲ್ಲಿ ಹೊರಬಂದಿತು. ಆದರೆ ಆ ೭೭೫ ಮಂದಿಯೂ ೬೦ ವರ್ಷದೊಳಗಿನ, ಅಂಗನ್ಯೂನತೆಯಿಲ್ಲದ ವಯಸ್ಕರು. ಮಂಡಿನೋವಿನ ಅಜ್ಜಿ, ಊರುಗೋಲು ಹಿಡಿದ ಅಜ್ಜ, ಕೂಸನ್ನೆತ್ತಿಕೊಂಡ ತಾಯಿ ಆ ಲೆಕ್ಕದಲ್ಲಿ ಇರಲಿಲ್ಲ. ವಿಮಾನದಲ್ಲಿ ಮಾತ್ರ ಅವರೇ ತುಂಬಿರುತ್ತಾರೆ.

ಕುಳಿತಂತೆಯೇ ಇರುವುದು

ಇನ್ನು ದೇಹದ ಮಾತು. ಮಠದ ಪಾಠಶಾಲೆಯಲ್ಲಿ ಚಾಪೆಯ ಮೇಲೆ ತಾಸುಗಟ್ಟಲೆ ಕುಳಿತು ಓದಿದವರು ನಾವು. ಕೂಡುವುದು ನಮಗೆ ಹೊಸತಲ್ಲ. ಆದರೆ ನೆಲದ ಮೇಲೆ ಕುಳಿತವನು ಆಗಾಗ ಕಾಲು ಬದಲಿಸುತ್ತಾನೆ, ಒಮ್ಮೆ ಚಾಚುತ್ತಾನೆ, ಗೋಡೆಗೆ ಒರಗುತ್ತಾನೆ, ಪ್ರಸಾದದ ಗಂಟೆಯಾದಾಗ ಏಳುತ್ತಾನೆ. ಕೂಡುವುದು ಕಷ್ಟವಲ್ಲ, ಕುಳಿತಂತೆಯೇ ಇರುವುದು ಕಷ್ಟ.

ಅದು ಕಷ್ಟ ಮಾತ್ರವಲ್ಲ, ಅಪಾಯವೂ ಹೌದು. ೧೯೪೦ರಲ್ಲಿ ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದಾಗ ಜನ ರಾತ್ರಿಗಳನ್ನು ಆಶ್ರಯತಾಣಗಳಲ್ಲಿ ಕಳೆಯುತ್ತಿದ್ದರು. ಮಡಚುವ ಬಟ್ಟೆಕುರ್ಚಿಗಳಲ್ಲಿ ಇಡೀ ರಾತ್ರಿ ಕುಳಿತ ಕೆಲವರು ಗಾಯವಿಲ್ಲದೆಯೇ ಹಠಾತ್ತನೆ ಸತ್ತರು. ವೈದ್ಯ ಕೀತ್ ಸಿಂಪ್ಸನ್ ಅದೇ ವರ್ಷ ಇದರ ಕಾರಣವನ್ನು ಪ್ರಕಟಿಸಿದರು: ಕುರ್ಚಿಯ ಅಂಚು ತೊಡೆಯನ್ನು ಒತ್ತಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ಮುಂದೆ ವಿಮಾನಪ್ರಯಾಣಿಕರಲ್ಲೂ ಇದೇ ಕಂಡುಬಂದು, ‘ಎಕಾನಮಿ ಕ್ಲಾಸ್ ಸಿಂಡ್ರೋಮ್’ ಎಂಬ ಹೆಸರು ಹುಟ್ಟಿತು.

ವಿಶ್ವ ಆರೋಗ್ಯ ಸಂಸ್ಥೆ ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ೪ ತಾಸಿಗಿಂತ ಹೆಚ್ಚು ಕಾಲದ ಪ್ರಯಾಣದಲ್ಲಿ ಈ ಹೆಪ್ಪಿನ ಸಾಧ್ಯತೆ ಸುಮಾರು ಇಮ್ಮಡಿಯಾಗುತ್ತದೆ. ಹೆದರಬೇಕಾಗಿಲ್ಲ, ಆರೋಗ್ಯವಂತರಲ್ಲಿ ಅದು ಸುಮಾರು ೬,೦೦೦ ಮಂದಿಗೆ ಒಬ್ಬರ ಪ್ರಮಾಣ. ಬಸ್ಸು, ಕಾರು, ರೈಲುಗಳಲ್ಲಿ ಅಲುಗಾಡದೆ ಕುಳಿತವರಿಗೂ ಇದು ಅನ್ವಯಿಸುತ್ತದೆ. ೨೦೧೨ರಲ್ಲಿ ಅಮೆರಿಕದ ಎದೆರೋಗ ತಜ್ಞರ ಸಂಘದ ಮಾರ್ಗಸೂಚಿಯು, ಎಕಾನಮಿ ದರ್ಜೆಯೇ ಕಾರಣವೆಂಬುದಕ್ಕೆ ಖಚಿತ ಆಧಾರವಿಲ್ಲ. ದೀರ್ಘಕಾಲ ಅಲುಗದೆ ಇರುವುದು ಕಾರಣ ಎಂದಿತು. ಕಿಟಕಿಯ ಬದಿಗೆ ಕುಳಿತವರು ಏಳುವುದು ಕಡಿಮೆಯಾದ್ದರಿಂದ ಅವರಿಗೆ ಅಪಾಯ ಹೆಚ್ಚೆಂದೂ ಗುರುತಿಸಿತು. ಈ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಆಸನದ ಸಂಕೋಚ ನೋಯಿಸುತ್ತದೆ. ಏಳಲು ಬಿಡದ ಮನದ ಸಂಕೋಚ ಪ್ರಾಣಕ್ಕೇ ಎರವಾಗಬಲ್ಲದು.

ಇನ್ನೊಂದು ವಿಶೇಷವೂ ಈ ಅಧ್ಯಯನಗಳಲ್ಲಿದೆ. ೧೯೦ ಸೆಂಟಿಮೀಟರಿಗಿಂತ ಎತ್ತರದವರಿಗೆ ಅಪಾಯ ಹೆಚ್ಚು. ವಿಮಾನದಲ್ಲಾದರೋ ೧೬೦ ಸೆಂಟಿಮೀಟರಿಗಿಂತ ಕುಳ್ಳಗಿರುವವರಿಗೂ ಹೆಚ್ಚು. ೧೬೦ ಸೆಂಟಿಮೀಟರ್ ಎಂದರೆ ೫ ಅಡಿ ೩ ಇಂಚು. ನಮ್ಮ ತಾಯಂದಿರಲ್ಲಿ ಬಹುಪಾಲು ಅದಕ್ಕಿಂತ ಕುಳ್ಳಗಿನವರೇ. ಅವರು ಕುಳಿತಾಗ ಪಾದ ಸರಿಯಾಗಿ ನೆಲಕ್ಕೆ ಊರದೆ, ಆಸನದ ಅಂಚು ಮೊಣಕಾಲ ಹಿಂಬದಿಯನ್ನು ಒತ್ತುತ್ತಿರುತ್ತದೆ. ಆ ಬಟ್ಟೆಕುರ್ಚಿ ಮಾಡಿದ್ದೂ ಇದನ್ನೇ. ಎಲ್ಲರಿಗೂ ಒಂದೇ ಅಳತೆಯ ಆಸನವೆಂದರೆ ಯಾರಿಗೂ ಅಳೆಯದ ಆಸನ ಎಂದೇ ಅರ್ಥ.

ಗಾಳಿಯೂ ಅಲ್ಲಿ ನಮ್ಮ ಊರಿನದಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ೮,೦೦೦ ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ನಮ್ಮ ನಾಡಿನ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ೧,೯೩೦ ಮೀಟರ್, ಅಂದರೆ ಸುಮಾರು ೬,೩೦೦ ಅಡಿ. ಅದಕ್ಕಿಂತ ಮೇಲಿನ ಗಾಳಿಯಲ್ಲಿ ರಾತ್ರಿಯಿಡೀ ಕುಳಿತಂತೆ. ೭೮೭ ಮತ್ತು ಎ-೩೫೦ ವಿಮಾನಗಳಲ್ಲಿ ಇದನ್ನು ೬,೦೦೦ ಅಡಿಯ ಮಟ್ಟಕ್ಕೆ ತಂದಿರುವುದರಿಂದ ಆಯಾಸ ಕೊಂಚ ಕಡಿಮೆ. ತೇವಾಂಶ ಮಾತ್ರ ಸಾಮಾನ್ಯವಾಗಿ ಶೇಕಡಾ ೨೦ಕ್ಕಿಂತ ಕೆಳಗೇ ಇದ್ದು ಬಾಯಿ, ಕಣ್ಣುಗಳು ಒಣಗುತ್ತವೆ.

ಮೂವರ ಸಾಲು

ಕೆಲವು ವರ್ಷಗಳ ಹಿಂದೆ ನಾವು ಅಮೆರಿಕದಿಂದ ಮರಳುತ್ತಿದ್ದಾಗ ನಮ್ಮ ಸಾಲಿನ ಕಿಟಕಿಯ ಬದಿಗೆ ಧಾರವಾಡ ಸೀಮೆಯ ತಾಯಿಯೊಬ್ಬರಿದ್ದರು; ನಡುವೆ ಒಬ್ಬ ತರುಣ, ಓಣಿಯ ಬದಿಗೆ ನಾವು. ಪರಿಚಾರಿಕೆ ನೀರು ತಂದಾಗಲೆಲ್ಲ ಆ ತಾಯಿ ಬೇಡವೆಂದು ಕೈಯಾಡಿಸುತ್ತಿದ್ದರು. ಏಳೆಂಟು ತಾಸು ಕಳೆದ ಮೇಲೆ ಏಕೆಂದು ಕೇಳಿದೆವು. ‘ನೀರು ಕುಡದ್ರ ಏಳಬೇಕಾಗ್ತದರೀ. ಪಾಪ, ಈ ಹುಡುಗ ಮಲಗ್ಯಾನ. ನೀವೂ ದೊಡ್ಡವರು. ನಿಮ್ಮನ್ನೆಲ್ಲ ಹ್ಯಾಂಗ ಎಬ್ಬಿಸಲಿ?’ ಎಂದರು. ಪಾದಗ ಳು ಬಾತು, ಕಳಚಿಟ್ಟ ಚಪ್ಪಲಿ ಮತ್ತೆ ಕಾಲಿಗೇರದಂತಾಗಿತ್ತು.

ತರುಣನ ಭುಜ ಮುಟ್ಟಿ ಎಬ್ಬಿಸಿದೆವು. ಅವನು ನಾಚಿಕೊಂಡು, ‘ನಾನು ಮಲಗಿರಲಿಲ್ಲ ಸರ್. ನನಗೂ ಏಳಬೇಕಿತ್ತು. ನಿಮಗೆ ತೊಂದರೆ ಕೊಡೋದು ಬೇಡ ಅಂತ ಕಣ್ಣು ಮುಚ್ಚಿಕೊಂಡು ಕೂತಿದ್ದೆ’ ಎಂದ. ಒಬ್ಬರ ನೆಮ್ಮದಿಗಾಗಿ ಇನ್ನೊಬ್ಬರು ಸಹಿಸುತ್ತ, ಆ ಸಾಲಿನಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ಆ ತಾಯಿಗೆ ಓಣಿಯ ಬದಿಯ ಆಸನವನ್ನು ಬಿಟ್ಟುಕೊಟ್ಟೆವು. ಉಳಿದ ಹಾದಿಯಲ್ಲಿ ಅವರು ತಾಸಿಗೊಮ್ಮೆ ಎದ್ದು ಹಿಂಬದಿಯವರೆಗೆ ನಡೆದು ಬರುತ್ತಿದ್ದರು. ನೀರನ್ನೂ ಕೇಳಿ ಕುಡಿದರು.

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಎಳವೆಯಿಂದಲೇ ಕಲಿಸಿದ ಗುಣವಿದು. ಮನೆಯವರೆಲ್ಲ ಉಂಡ ಮೇಲೆ ಉಣ್ಣುವುದು, ಬಾಯಾರಿದರೂ ಕೇಳದಿರುವುದು, ನೋವನ್ನು ಹೇಳದಿರುವುದು. ಇದನ್ನು ಸದ್ಗುಣವೆಂದು ಹೊಗಳಿ ಬೆಳೆಸಿದ್ದೇವೆ. ಭೂಮಿಯಿಂದ ಆರು ಏಳು ಮೈಲಿ ಎತ್ತರದಲ್ಲಿ ಆ ಸದ್ಗುಣವೇ ಶತ್ರುವಾಗುತ್ತದೆ. ಎದ್ದು ನಡೆಯುವುದು ಅಲ್ಲಿ ಸೌಜನ್ಯಭಂಗವಲ್ಲ, ಔಷಧ.

ಮಾಡತಕ್ಕದ್ದು

ಟಿಕೇಟು ತೆಗೆಯುವ ಮಕ್ಕಳಿಗೆ ಮೊದಲು ಹೇಳುತ್ತೇವೆ. ದರವನ್ನು ಹೋಲಿಸುವಷ್ಟೇ ಶ್ರದ್ಧೆಯಿಂದ ಸಾಲಿನ ಆಸನಗಳನ್ನು ಎಣಿಸಿರಿ. ಯಾವ ವಿಮಾನವೆಂಬುದು ಟಿಕೇಟು ಕೊಳ್ಳುವಾಗಲೇ ಕಾಣುತ್ತದೆ; ಆಸನಗಳ ನಕ್ಷೆಯೂ ದೊರೆಯುತ್ತದೆ. ೭೭೭ರಲ್ಲಿ ೯ ಇದ್ದರೆ ಒಳ್ಳೆಯದು, ೧೦ ಇದ್ದರೆ ಇಕ್ಕಟ್ಟು. ೭೮೭ರಲ್ಲಿ ೮ ಇದ್ದರೆ ಒಳ್ಳೆಯದು, ೯ ಇದ್ದರೆ ಇಕ್ಕಟ್ಟು. ಎ-೩೫೦ರಲ್ಲಿ ೯ ಇದ್ದರೆ ಮೊಳದ ಲೆಕ್ಕ ಸರಿಯಿರುತ್ತದೆ. ಏರ್‌ಬಸ್ ಎ-೩೩೦ ವಿಮಾನದಲ್ಲಿ ಸಾಮಾನ್ಯವಾಗಿ ಎರಡು, ನಾಲ್ಕು, ಎರಡು ಎಂದು ೮ ಆಸನಗಳಿರುತ್ತವೆ. ಬದಿಯ ಎರಡು ಆಸನಗಳಲ್ಲಿ ವೃದ್ಧ ದಂಪತಿಗಳು ಕುಳಿತರೆ ಅಪರಿಚಿತರನ್ನು ಎಬ್ಬಿಸುವ ಪ್ರಮೇಯವೇ ಬರದು.

ಆಸನ ಆರಿಸಲು ಪ್ರತ್ಯೇಕ ಶುಲ್ಕ ಕೇಳಿದರೆ ಜಿಪುಣತನ ಮಾಡದೆ ಓಣಿಯ ಬದಿಯದನ್ನು ಕೊಳ್ಳಿರಿ. ತಂದೆಗೆ ಒಂದೆಡೆ, ತಾಯಿಗೆ ಇನ್ನೊಂದೆಡೆ ಆಗದಂತೆ ನೋಡಿಕೊಳ್ಳಿರಿ. ವಿಭಾಗದ ಮೊದಲ ಸಾಲಿನಲ್ಲಿ ಕಾಲಿಗೆ ಜಾಗ ಹೆಚ್ಚು ಕಂಡರೂ, ಊಟದ ಹಲಗೆ ಕೈಯಾಸರೆಯೊಳಗೆ ಅಡಗಿರುವುದರಿಂದ ಆಸನದ ಅಗಲ ಕಡಿಮೆಯಾಗಿರುತ್ತದೆ, ಕೈಯಾಸರೆ ಮೇಲೇಳುವುದೂ ಇಲ್ಲ. ಬಾಲದ ಕಡೆಯ ಕೊನೆಯ ಸಾಲುಗಳಲ್ಲಿ ವಿಮಾನದ ಒಡಲೇ ಕಿರಿದಾಗುತ್ತ ಹೋಗುತ್ತದೆ. ತುರ್ತು ಬಾಗಿಲಿನ ಸಾಲು ವಿಶಾಲವಾದರೂ ಬಾಗಿಲು ತೆರೆಯಲು ನೆರವಾಗಬಲ್ಲವರಿಗೆ ಮಾತ್ರ ಮೀಸಲು. ಒಂದೇ ಹಾರಾಟದಲ್ಲಿ ತಲುಪಿಸುವ ವಿಮಾನಕ್ಕಿಂತ ನಡುವೆ ಮೂರು ನಾಲ್ಕು ತಾಸು ಇಳಿದು ನಡೆದಾಡುವ ಮಾರ್ಗ ಕೆಲವು ಹಿರಿಯರಿಗೆ ಹೆಚ್ಚು ಹಿತ. ಭಾಷೆಯ ಅಳುಕಿದ್ದವರಿಗೆ ಗಾಲಿಕುರ್ಚಿಯ ನೆರವನ್ನು ಮೊದಲೇ ಕೋರಿಡಬಹುದು.

ಪ್ರಯಾಣಿಸುವ ಹಿರಿಯರಿಗೆ ನಮ್ಮ ವಿನಂತಿ. ಈಚೆಗೆ ಶಸ್ತ್ರಚಿಕಿತ್ಸೆಯಾದವರು, ಹಿಂದೆ ರಕ್ತ ಹೆಪ್ಪುಗಟ್ಟಿದವರು, ಅರ್ಬುದದ ಚಿಕಿತ್ಸೆಯಲ್ಲಿರುವವರು, ತುಂಬ ಸ್ಥೂಲಕಾಯದವರು ಹೊರಡುವ ಮುನ್ನ ವೈದ್ಯರನ್ನು ಕಾಣಲೇಬೇಕು. ಮೊಣಕಾಲಿನವರೆಗಿನ ಬಿಗಿ ಕಾಲುಚೀಲಗಳು ಹೆಪ್ಪನ್ನು ತಡೆಯುತ್ತವೆಂಬುದಕ್ಕೆ ಒಳ್ಳೆಯ ಆಧಾರವಿದೆ. ಅಳತೆ ಸರಿಯಿರುವುದನ್ನು ವೈದ್ಯರಲ್ಲಿ ಕೇಳಿಯೇ ಧರಿಸಿರಿ. ಇದಕ್ಕೆಂದು ತಾವಾಗಿಯೇ ಆಸ್ಪಿರಿನ್ ನುಂಗಬೇಡಿರಿ. ನಿದ್ರೆಯ ಮಾತ್ರೆ ತೆಗೆದುಕೊಂಡು ಮರದ ತುಂಡಿನಂತೆ ಬೀಳಬೇಡಿರಿ. ಪಾದ ನೆಲಕ್ಕೆ ಊರದಿದ್ದರೆ ಕೈಚೀಲವನ್ನು ಕಾಲಡಿಗೆ ಇಟ್ಟುಕೊಳ್ಳಿರಿ. ಕುಳಿತಲ್ಲಿಯೇ ಹಿಮ್ಮಡಿ ಎತ್ತಿ ಇಳಿಸಿರಿ, ಪಾದ ತಿರುಗಿಸಿರಿ. ಮೀನಖಂಡದ ಸ್ನಾಯು ಹಿಂಡಿದಾಗಲೇ ರಕ್ತ ಮೇಲಕ್ಕೇರುತ್ತದೆ. ಎಚ್ಚರವಿದ್ದಷ್ಟು ಹೊತ್ತು ತಾಸಿಗೊಮ್ಮೆ ಎದ್ದು ನಡೆಯಿರಿ. ನೀರನ್ನು ಕೇಳಿ ಕುಡಿಯಿರಿ. ಊರು ತಲುಪಿದ ಮೇಲೂ ಒಂದೆರಡು ತಿಂಗಳು ಎಚ್ಚರವಿರಲಿ. ಒಂದೇ ಕಾಲು ಬಾತು ನೋಯುತ್ತಿದ್ದರೆ, ಇಲ್ಲವೆ ಹಠಾತ್ತನೆ ಉಸಿರು ಕಟ್ಟಿ ಎದೆ ನೋಯತೊಡಗಿದರೆ, ಅದನ್ನು ಪ್ರಯಾಣದ ಆಯಾಸವೆಂದು ತಳ್ಳಿಹಾಕದೆ ಕೂಡಲೇ ಆಸ್ಪತ್ರೆಗೆ ಹೋಗಿರಿ, ವಿಮಾನದಲ್ಲಿ ಬಂದದ್ದನ್ನು ವೈದ್ಯರಿಗೆ ಹೇಳಿರಿ.

ಓಣಿಯ ಬದಿಗೆ ಕುಳಿತ ತರುಣರಿಗೂ ಒಂದು ಮಾತು. ಒಳಗೆ ಕುಳಿತ ಹಿರಿಯರು ಕೇಳಲಿ ಎಂದು ಕಾಯಬೇಡಿರಿ. ಅವರು ಕೇಳುವುದಿಲ್ಲ. ಎರಡು ತಾಸಿಗೊಮ್ಮೆ ನೀವೇ ಎದ್ದು ನಿಂತು, ‘ಅಮ್ಮಾ, ಸ್ವಲ್ಪ ನಡೆದು ಬರ್ತೀರಾ?’ ಎಂದು ಕೇಳಿರಿ. ಬೆನ್ನು ಒರಗಿಸುವ ಮುನ್ನ ಒಮ್ಮೆ ಹಿಂದೆ ನೋಡಿರಿ. ನಡುವೆ ಸಿಕ್ಕವರಿಗೆ ಎರಡು ಕೈಯಾಸರೆಗಳನ್ನೂ ಬಿಟ್ಟುಕೊಡಿರಿ. ದಪ್ಪಗಿನವರು ಪಕ್ಕದಲ್ಲಿ ಬಂದರೆ ಮುಖ ಸಿಂಡರಿಸಬೇಡಿರಿ. ಅವರ ದೇಹ ತಪ್ಪು ಮಾಡಿಲ್ಲ. ಆ ಆಸನವನ್ನು ಅಳೆದವರು ಅವರನ್ನು ನೆನೆಯಲಿಲ್ಲ, ಅಷ್ಟೆ.

ಕಂಪನಿಗಳು ಕದ್ದ ಬೆರಳನ್ನು ತಾವಾಗಿ ಮರಳಿಸುತ್ತವೆಂದು ನಮಗೆ ತೋರುವುದಿಲ್ಲ. ಕೊಳ್ಳುವವರು ಅಗಲವನ್ನು ಕೇಳತೊಡಗಿದರೆ ಮಾರುವವರು ಅಗಲವನ್ನೂ ಮಾರತೊಡಗುತ್ತಾರೆ. ಸಂತೆಯ ನಿಯಮ ಆಕಾಶದಲ್ಲೂ ಬೇರೆಯಲ್ಲ. ಅಲ್ಲಿಯವರೆಗೆ ಮನದ ಸಂಕೋಚವನ್ನು ಬಿಡುವುದು ನಮ್ಮ ಕೈಯಲ್ಲೇ ಇದೆ. ಈ ಬೇಸಿಗೆಗೆ ಪರದೇಶದ ಮಕ್ಕಳ ಮನೆಗೆ ಹೊರಟಿರುವ ತಾಯಂದಿರು ಪೆಟ್ಟಿಗೆ ತೂಗುವ ದಿನವೇ ಮಗನಿಗೆ ಫೋನು ಮಾಡಿ, ‘ಸಾಲಿಗೆ ಎಷ್ಟು ಸೀಟಪ್ಪಾ? ನನ್ನದು ಓಣಿಯ ಕಡೆಗೆ ಇದೆಯೇ?’ ಎಂದು ಕೇಳಲಿ. ಮಗನಿಗೆ ಗೊತ್ತಿಲ್ಲದಿದ್ದರೆ ನೋಡಿ ಹೇಳಲಿ.